ಕೈಮುಗಿದು, ಅಭಿನಂದನ

ಬೇಡಕಿಹಾಳದಲ್ಲಿ ಇಳಿದು ಅಭಿನಂದನನ ಮನೆ ಎಲ್ಲಿ ಎಂದು ಕೇಳಿದರೆ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಗಿರಣಿಯವನ ಮನೆ ಎಂದು ಕೇಳಿ ನೋಡಿ, ಕೂಸು ಕೂಡ ಬೆರಳು ಮಾಡಿ ತೋರಿಸುತ್ತದೆ. ಬಸದಿಯ ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ, ಅದರ ಹಿಂದೆ ಒಂದು ಕೋಣೆ, ಅಡಿಗೆಮನೆ, ಕೊನೆಗೆ ಅಂಗೈಯಗಲದ ಹಿತ್ತಿಲು. ಅವನ ಜಗತ್ತು ಅಷ್ಟೇ. ವಯಸ್ಸು ನಲವತ್ತೈದು ದಾಟಿತು, ಲಗ್ನವಾಗಲಿಲ್ಲ. ಅವನಲ್ಲಿ ಊನವೇನೂ ಇರಲಿಲ್ಲ ಬಿಡಿ. ಕನ್ಯೆಯ ಕಡೆಯವರು ಹೊಲ ಎಷ್ಟು, ನೌಕರಿ ಯಾವುದು ಎಂದು ಕೇಳುತ್ತಿದ್ದರು. ಹಿಟ್ಟಿನ ಗಿರಣಿ ಎಂದ ಕೂಡಲೇ ಚಹಾದ ಕಪ್ಪು ಕೆಳಗಿಟ್ಟು ಬಸ್ಸಿನ ವೇಳೆ ವಿಚಾರಿಸುತ್ತಿದ್ದರು.

ಗಿರಣಿ ತಿರುಗುವಾಗ ಮಾತು ಕೇಳಿಸುವುದಿಲ್ಲ. ಬಂದವರು ಡಬ್ಬಿ ಇಟ್ಟು, ಸಣ್ಣಗೆ ಬೀಸಬೇಕೋ ದಪ್ಪಗೋ ಎಂಬುದನ್ನು ಬೆರಳಲ್ಲೇ ಹೇಳಿ ಹೋಗುತ್ತಾರೆ. ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವ್ವ ಒಬ್ಬಳೇ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತಿಲ್ಲ. ಸಂಜೆಯ ಬಿಸಿಲು ಗೋಡೆ ಏರತೊಡಗಿದರೆ ಆಕೆ ಹಿತ್ತಿಲ ಬಾಗಿಲಲ್ಲಿ ನಿಂತು, ಗಿರಣಿಯ ಗದ್ದಲವನ್ನೂ ಮೀರಿಸಿ ಕೂಗುತ್ತಿದ್ದಳು: "ಅಭಿನಂದನಾ, ಹೊತ್ತ ಮುಳಗಾಕ ಬಂತು, ಉಣ್ಣಾಕ ಬಾರೋ!"

ಅವ್ವ ಹೋದಳು, ಕೂಗೂ ನಿಂತಿತು. ಹೊತ್ತು ಮುಳುಗಿದ್ದು ತಿಳಿಯದೇ ಅವನು ಎಷ್ಟೋ ದಿನ ಹಸಿದು ಮಲಗಿದ. ವ್ರತ ಹಿಡಿದು ಉಪವಾಸ ಬಿದ್ದವನಿಗೆ ಪುಣ್ಯವಾದರೂ ಬರುತ್ತದೆ. ಮರೆತು ಹಸಿದವನಿಗೆ ಏನು ಬರುತ್ತದೆ, ಹೊಟ್ಟೆನೋವು.

ಅವ್ವ ಹಚ್ಚಿದ ದಾಸವಾಳ ಮಾತ್ರ ಹಿತ್ತಿಲಲ್ಲಿ ಹೂ ಬಿಡುತ್ತಲೇ ಇತ್ತು. ಕರೆಂಟು ಹೋಗಿ ಗಿರಣಿ ನಿಂತಾಗ ಅವನು ಅದರ ಫೋಟೋ ತೆಗೆಯತೊಡಗಿದ. ಹೀಗೆ ಸೇರಿದ್ದು 'ಅಂಗಳದ ಹೂವು' ಎಂಬ ವಾಟ್ಸಾಪ್ ಗುಂಪಿಗೆ. ಅದನ್ನು ನಡೆಸುವವರು ನಿಪ್ಪಾಣಿಯ ಸುಜಾತಾ ಅಕ್ಕ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಆಚೆಯ ಮಹಾರಾಷ್ಟ್ರದ ಊರುಗಳು, ಎಲ್ಲ ಕಡೆಯ ಮಂದಿ ಅದರಲ್ಲಿದ್ದರು. ಬೆಳಿಗ್ಗೆ ಹೂವಿನ ಫೋಟೋ ಹಾಕುವುದು, ಉಳಿದವರು ಹೃದಯ ಒತ್ತುವುದು, ಚಪ್ಪಾಳೆ ಒತ್ತುವುದು. ಭಾನುವಾರ ಅಕ್ಕ ಒಂದು ಹೂ ಆರಿಸಿ, ಬಂಗಾರದ ಬಣ್ಣದ ಚೌಕಟ್ಟು ಕಟ್ಟಿ, 'ವಾರದ ಹೂವು' ಎಂದು ಹಾಕುತ್ತಿದ್ದರು. ಕೂಡಲೇ ಎಲ್ಲರೂ ಮುಗಿಬಿದ್ದು ಬರೆಯುತ್ತಿದ್ದರು: ಕೈಮುಗಿದ ಚಿತ್ರ, ಪಕ್ಕದಲ್ಲಿ 'ಅಭಿನಂದನ'.

ಕನ್ನಡದಲ್ಲಿ ಅದು ಅಭಿನಂದನೆ. ಆದರೆ ಈ ಗಡಿಯಲ್ಲಿ ಕನ್ನಡ ಎಲ್ಲಿ ಮುಗಿಯಿತು, ಮರಾಠಿ ಎಲ್ಲಿ ಶುರುವಾಯಿತು ಎಂದು ಯಾರು ನೋಡುತ್ತಾರೆ? ಮರಾಠಿಯಲ್ಲಿ ಅಂದಂತೆ ಎಲ್ಲರೂ ಅಭಿನಂದನ ಎಂದೇ ಬರೆಯುತ್ತಿದ್ದರು. ಮೊದಲ ಸಲ ಅದನ್ನು ಕಂಡಾಗ ಅವನ ಎದೆ ಧಸಕ್ಕೆಂದಿತು, ಯಾರೋ ಕರೆದರು ಎಂದು. ಆಮೇಲೆ ಅರ್ಥವಾಯಿತು, ಕರೆದದ್ದು ತನ್ನನ್ನಲ್ಲ. ಪ್ರತಿ ಭಾನುವಾರ ತನ್ನ ಹೆಸರು ಕಂಡಕಂಡವರಿಗೆ ಹಂಚಿಹೋಗುವುದನ್ನು ನೋಡುತ್ತ ಗಿರಣಿಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ.

ಅವನ ಹೆಸರು ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊಬೈಲ್ ಅಂಗಡಿಯವನು ಹೆಸರಿನ ಜಾಗದಲ್ಲಿ 'ಜೈ ಜಿನೇಂದ್ರ' ಎಂದು ಬರೆದುಕೊಟ್ಟಿದ್ದ. ಗುಂಪಿನಲ್ಲಿ ಅಂಥ ಜೈ ಜಿನೇಂದ್ರಗಳು ಇನ್ನೂ ಮೂವರಿದ್ದರು. ಅವನು ಎಲ್ಲರ ಹೂವಿಗೂ ಹೃದಯ ಒತ್ತುತ್ತಿದ್ದ, ಬಾಡಿದ ಚೆಂಡುಹೂವಿಗೂ ಬಿಡುತ್ತಿರಲಿಲ್ಲ. ಅವನ ದಾಸವಾಳಕ್ಕೆ ಒಂದೋ ಎರಡೋ ಹೆಬ್ಬೆಟ್ಟು ಬಂದರೆ ಹೆಚ್ಚು. ಒಮ್ಮೆ ಮಾತ್ರ ಅಥಣಿ ಕಡೆಯ ಅನಂತಪುರದ ಚಂದ್ರಮತಿ ಎಂಬಾಕೆ ಬರೆದಿದ್ದಳು: "ದಾಸವಾಳ ಬಾಳ ಚೊಲೊ ಐತ್ರಿ. ನಮ್ಮ ತವರಮನ್ಯಾಗ ಇಂಥಾದ್ದ ಗಿಡ ಇತ್ತು." ಅದನ್ನು ಅವನು ಎಷ್ಟು ಸಲ ಓದಿದನೋ ಅವನಿಗೇ ಗೊತ್ತು. ಆಸೆಯಂತೂ ಬಲಿಯಿತು. ಒಂದು ಭಾನುವಾರ ತನ್ನ ಹೂವೂ ಚೌಕಟ್ಟಿಗೆ ಬರಬೇಕು, ಯಾರ ಹೂವೆಂದು ಕೇಳಬೇಕು, ತಾನು ಹೆಸರು ಹೇಳಬೇಕು.

ಶ್ರಾವಣದಲ್ಲಿ ಚಂದ್ರಮತಿಯ ಗಂಡ ಧನಪಾಲ ತೀರಿಕೊಂಡ. ಸುಜಾತಾ ಅಕ್ಕ ಸುದ್ದಿ ಹಾಕಿದರು. ಅದರ ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿಗಳು ಸಾಲುಗಟ್ಟಿದವು, ಒಬ್ಬರದನ್ನೇ ಇನ್ನೊಬ್ಬರು ಎತ್ತಿ ಅಂಟಿಸಿದಂಥವು. ಕೈಮುಗಿದ ಚಿತ್ರಗಳಂತೂ ಲೆಕ್ಕವಿಲ್ಲ. ಅಭಿನಂದನನಿಗೆ ಕಸಿವಿಸಿಯಾಯಿತು. ಸತ್ತ ಮನೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಮನೆಯವರು ಜನ್ಮಪೂರ್ತಿ ನೆನಪಿಡುತ್ತಾರೆ. ಇಷ್ಟು ಕೈಗಳ ನಡುವೆ ತನ್ನದು ಯಾವುದು ಎಂದು ಆಕೆಗೆ ಹೇಗೆ ತಿಳಿಯಬೇಕು? ತಾನೂ ಬಂದು ಹೋದದ್ದು ಗೊತ್ತಾಗಲೆಂದು ಅವನು ಕೈಮುಗಿದ ಚಿತ್ರ ಒತ್ತಿ, ಪಕ್ಕದಲ್ಲಿ ತನ್ನ ಹೆಸರು ಬರೆದು ಕಳಿಸಿದ. ಅಷ್ಟರಲ್ಲಿ ಕರೆಂಟು ಬಂತು. ಗಿರಣಿ ಶುರು ಮಾಡಿದ.

ಡಬ್ಬಿಗಳೆಲ್ಲ ಮುಗಿದು ಮೊಬೈಲ್ ತೆಗೆದರೆ ಗುಂಪಿನಲ್ಲಿ ಬೆಂಕಿ ಬಿದ್ದಿತ್ತು. "ಯಾಂವಲೇ ಇಂವ? ಗಂಡ ಸತ್ತಾಕಿಗೆ ಅಭಿನಂದನ ಅಂತಾನ!" ಎಂದು ಕಾಗವಾಡದ ಸಂಗ್ರಾಮ ಕೂಗಾಡಿದ್ದ. "ಇಂಥಾವರನ್ನ ತಗದ ಒಗೀರಿ ಅಕ್ಕಾರ," ಎಂದು ಇನ್ನೊಬ್ಬ ಜೈ ಜಿನೇಂದ್ರ. ಅಭಿನಂದನ "ಅದು ನನ್ನ ಹೆಸರ್ರಿ" ಎಂದು ಬರೆಯಹೋದರೆ ಬರೆಯುವ ಜಾಗವೇ ಇರಲಿಲ್ಲ. ಅವನನ್ನು ಆಗಲೇ ತೆಗೆದುಹಾಕಿದ್ದರು.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದರು. ಇವನಿಗೆ ಅನ್ನ ಸೇರಲಿಲ್ಲ. ತನ್ನ ಹೂವನ್ನು ಮೆಚ್ಚಿದ ಒಂದೇ ಒಂದು ಜೀವದ ಎದುರು ತನ್ನ ಹೆಸರು ಬೈಗುಳವಾಗಿ ನಿಂತಿತಲ್ಲ ಎಂಬ ಸಂಕಟ. ಮರುದಿನ ಗಿರಣಿಗೆ ಬೀಗ ಹಾಕಿ, ಚಿಕ್ಕೋಡಿಗೆ ಬಂದು, ಅಥಣಿ ಬಸ್ಸು ಹತ್ತಿದ. ಅಲ್ಲಿಂದ ಅನಂತಪುರ.

ಅದೂ ಜೈನರ ಮನೆಯೇ, ಅಂಗಳದಲ್ಲಿ ಚಾಪೆ ಹಾಸಿತ್ತು. ಚಂದ್ರಮತಿಯ ಮಗಳು ಕಾಜಲ ಎದ್ದು ಬಂದಳು. "ಯಾರ ಪೈಕಿರಿ?"

ಅವನು ಯಾರ ಪೈಕಿಯೂ ಅಲ್ಲ. "ಹೂವಿನ ಗ್ರೂಪಿನ್ಯಾಂವ್ರಿ. ಅಕ್ಕಾರನ್ನ ಮಾತಾಡಸಾಕ ಬಂದೀನಿ."

"ಹೆಸರ್ರಿ?"

ಆ ಮನೆಯಲ್ಲಿ ಆ ಹೆಸರನ್ನು ಹೇಗೆ ಹೇಳುವುದು? ನೆಲ ನೋಡುತ್ತ ಹೇಳಿದ. ಕಾಜಲಳ ಮುಖ ಬಿಗಿಯಿತು.

"ಅದನ್ನ ಬರದಾಂವ ನೀವ ಏನು?"

"ಬರದದ್ದು ಖರೆ ತಂಗಿ. ಆದ್ರ ಅದು ನನ್ನ ಹೆಸರು. ನಮ್ಮವ್ವ ಇಟ್ಟದ್ದು."

ಗೋಡೆಗೆ ಒರಗಿ ಕುಳಿತಿದ್ದ ಚಂದ್ರಮತಿ ತಲೆಯೆತ್ತಿದಳು. ಅರವತ್ತರ ಹತ್ತಿರದ ಹೆಂಗಸು, ಅತ್ತು ಅತ್ತು ಕಣ್ಣು ಬಾತಿದ್ದವು. "ದಾಸವಾಳದಾಂವ ಏನು ನೀ?" ಎಂದಳು. ಅವನು ಹೌದೆಂದ. ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆಂದು ಅವನು ಹೆದರಿದ. ಆಕೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಹರಿಯುತ್ತಿದ್ದಂತೆಯೇ. "ನಮ್ಮನಿಯವ್ರು ಇದ್ದಿದ್ರ ಬಿದ್ದ ಬಿದ್ದ ನಗತಿದ್ರು ನೋಡು ಅಭಿನಂದನಾ," ಎಂದಳು.

ಅವ್ವ ಹೋದ ಮೇಲೆ ಆ ಹೆಸರನ್ನು ಹಾಗೆ ಎಳೆದು ಕರೆದವರು ಇಲ್ಲ. ಅವನಿಗೂ ಅಳು ಬಂತು. ಯಾರಿಗಾಗಿ ಅತ್ತನೋ, ಕೂಡಿದವರು ಸತ್ತವನಿಗಾಗಿ ಎಂದುಕೊಂಡರು. ಸಾವಿನ ಮನೆಯಿಂದ ಹೋಗಿಬರುತ್ತೇನೆ ಎಂದು ಹೇಳಿ ಏಳುವಂತಿಲ್ಲ. ಹೇಳದೆಯೇ ಎದ್ದು ಬಂದ.

ಚಂದ್ರಮತಿ ಸುಜಾತಾ ಅಕ್ಕನಿಗೆ ಹೇಳಿರಬೇಕು. ಅವನನ್ನು ಮತ್ತೆ ಸೇರಿಸಿದರು. ಭಾನುವಾರ ಮಧ್ಯಾಹ್ನ ಅವನ ದಾಸವಾಳ ಬಂಗಾರದ ಚೌಕಟ್ಟಿನಲ್ಲಿ ಕುಳಿತಿತ್ತು. ಅದರ ಕೆಳಗೆ ಇಡೀ ಗುಂಪು ಬರೆಯಿತು: ಅಭಿನಂದನ, ಅಭಿನಂದನ, ಅಭಿನಂದನ. ಸಂಗ್ರಾಮ ಹೂಗುಚ್ಛವನ್ನೂ ಸೇರಿಸಿದ್ದ. ಅವನು ಕಟ್ಟೆಯ ಮೇಲೆ ಕುಳಿತು ಒಂದೊಂದನ್ನೇ ದಿಟ್ಟಿಸಿದ. ಇವರು ಮೆಚ್ಚಿದ್ದೋ, ಕರೆದದ್ದೋ? ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ನೋಡಿದ. ಎಲ್ಲ ಒಂದೇ ಥರ ಇದ್ದವು.

ಅವುಗಳ ನಡುವೆ ಸಿಕ್ಕಿಕೊಂಡಿದ್ದ ಚಂದ್ರಮತಿಯ ಮಾತು ತಡವಾಗಿ ಕಣ್ಣಿಗೆ ಬಿತ್ತು. "ಅಭಿನಂದನಾ, ಹೊತ್ತ ಮುಳಗಾಕ ಬಂತು. ಉಂಡೀ ಏನ್ ತಮ್ಮಾ?"

ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಬಿಸಿಲಿರಲಿಲ್ಲ. ಒಲೆ ಹಚ್ಚಿಯೇ ಇರಲಿಲ್ಲ. "ಉಂಡೆ ಅಕ್ಕಾ" ಎಂದು ಬರೆದು, ಒಳಗೆ ಹೋಗಿ ಹಾಗೆಯೇ ಮಲಗಿದ.

ಮರುದಿನ ಗಿರಣಿಯನ್ನು ಬೇಗ ನಿಲ್ಲಿಸಿ, ಬಿಸಿಲಿರುವಾಗಲೇ ರೊಟ್ಟಿ ತಟ್ಟಿ ಉಂಡ. ಕೈ ತೊಳೆದುಕೊಂಡು, ಮೊಬೈಲ್ ಎದುರಿಗಿಟ್ಟುಕೊಂಡು ಹಿತ್ತಿಲ ಬಾಗಿಲಲ್ಲಿ ಕುಳಿತ. ಗೋಡೆಯ ಬಿಸಿಲು ನಿಧಾನಕ್ಕೆ ಮೇಲೇರಿ ಹೋಯಿತು. ಅಂದು ಯಾರೂ ಕೇಳಲಿಲ್ಲ.