ಮಾಯ್ರಾಳ ಶನಿವಾರದ ಕಸೂತಿ

ಹೆರ್ಲಿಂದಾ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹೊಂಡುರಾಸ್ ದೇಶದ ಒಂದು ಬೆಟ್ಟದೂರಿನಲ್ಲಿ ಮೂವತ್ತು ವರ್ಷ ಮೆಕ್ಕೆಜೋಳದ ರೊಟ್ಟಿ ತಟ್ಟಿ ಮಾರಿದವಳು. ಹಾಲಿನವಳು ತಂದ ಹಾಲಿಗೂ ಬೆರಳದ್ದಿ ನೋಡುವಳು. ಮಗಳು ತೀರಿಕೊಂಡ ಮೇಲೆ ಮೊಮ್ಮಗಳು ಮಾಯ್ರಾಳನ್ನು ಅವಳೇ ಸಾಕಿದಳು. ಏಳನೆಯ ವರ್ಷದಲ್ಲಿ ಹುಡುಗಿಗೆ ಮೂರ್ಛೆರೋಗ ಶುರುವಾಯಿತು. ಮೊದಲ ಸಲ ಅವಳು ಕೈಕಾಲು ಸೆಟೆದು ಬಿದ್ದಾಗ ಅಜ್ಜಿ ಗಾಬರಿಯಿಂದ ಬಾಯಿಗೆ ಮರದ ಚಮಚ ತುರುಕಿದಳು, ಹಲ್ಲೊಂದು ಮುರಿಯಿತು. ಇದು ನೆರೆಯವರ ಕೆಟ್ಟ ಕಣ್ಣೇ ಎಂದು ನಂಬಿ ಅಂದಿನಿಂದ ಹುಡುಗಿಯನ್ನು ಒಬ್ಬಳನ್ನೇ ಎಲ್ಲೂ ಕಳಿಸಲಿಲ್ಲ, ಕಾಯಿಲೆಯ ವಿಷಯ ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಆರೋಗ್ಯ ಕೇಂದ್ರದ ನರ್ಸ್ ನೋಹೆಲಿಯಾ ಮನೆಗೇ ಮಾತ್ರೆ ತಂದುಕೊಟ್ಟಾಗಲೂ ಅವಳಿಗೆ ಅನುಮಾನ.

"ಕರೀದೇನೆ ಬರ್ತೀಯ, ನಗ್ತಾ ನಗ್ತಾ ಮಾತಾಡ್ತೀಯ. ನಿಂಗೇನ್ ಲಾಭ ಇದ್ರಲ್ಲಿ?"

"ಮಗು ಬೀಳೋದು ಕಮ್ಮಿ ಆದ್ರೆ ಅದೇ ಲಾಭ, ಅಮ್ಮ."

ಬೀಳುವುದು ಕಮ್ಮಿಯೂ ಆಯಿತು. ಆದರೆ ಹತ್ತು ತುಂಬಿದ ಮಾಯ್ರಾ ಶನಿವಾರ ಮಧ್ಯಾಹ್ನ ನರ್ಸಮ್ಮನ ಬಳಿ ಕಸೂತಿ ಕಲಿಯುತ್ತೇನೆಂದು ಹಟ ಹಿಡಿದು ಅವಳ ಜೊತೆ ಹೋಗತೊಡಗಿದಳು. ನಾಲ್ಕು ವಾರವಾದರೂ ಒಂದು ಹೂವೂ ಮನೆಗೆ ಬರಲಿಲ್ಲ. ಚೀಲ ತಡಕಿದರೆ ಸೂಜಿಯಿಲ್ಲ, ದಾರವಿಲ್ಲ. ಐದನೆಯ ಶನಿವಾರ ಹೆರ್ಲಿಂದಾ ಒಲೆ ಆರಿಸಿ ಹಿಂಬಾಲಿಸಿದಳು.

ನರ್ಸಿನ ಜೊತೆ ಹುಡುಗಿ ಆರೋಗ್ಯ ಕೇಂದ್ರಕ್ಕಲ್ಲ, ಶಾಲೆಯೊಳಗೆ ಹೋದಳು. ಅಜ್ಜಿ ಕಿಟಕಿಯಲ್ಲಿ ಇಣುಕಿದಳು. ಮಾಯ್ರಾ ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದಾಳೆ! ಸುತ್ತ ಮಕ್ಕಳು. ಒಬ್ಬ ಗಡಿಯಾರ ನೋಡುತ್ತಿದ್ದಾನೆ. ನೋಹೆಲಿಯಾ ಕೈಕಟ್ಟಿ ನಿಂತಿದ್ದಾಳೆ.

"ಅಯ್ಯೋ ಪಾಪಿ! ನನ್ ಮಗೂನ ಸಾಯ್ಸೋಕೆ ಕರ್ಕೊಂಡ್ ಬಂದ್ಯಾ?" ಎಂದು ಅವಳು ಒಳನುಗ್ಗಿದಳು.

ಮಾಯ್ರಾ ಎದ್ದು ಕೂತಳು. "ಅಜ್ಜಿ, ನಾಟಕ ಕಣೇ! ಫಿಟ್ಸ್ ಬಂದಾಗ ಏನ್ ಮಾಡ್ಬೇಕು ಅಂತ ನಾನೇ ಇವ್ರಿಗೆ ಹೇಳ್ಕೊಡ್ತಿದ್ದೀನಿ. ಪಕ್ಕಕ್ಕೆ ಮಲಗ್ಸಿ, ತಲೆ ಕೆಳಗೆ ಮೆತ್ತಗಿರೋದೇನಾದ್ರೂ ಇಡ್ಬೇಕು. ಐದ್ ನಿಮಿಷ ದಾಟಿದ್ರೆ ಆಸ್ಪತ್ರೆಗೆ. ಬಾಯಿಗೆ ಮಾತ್ರ..." ಅಲ್ಲಿಗೆ ಮಾತು ನಿಲ್ಲಿಸಿದಳು.

ಅಜ್ಜಿಗೆ ಅರ್ಥವಾಯಿತು. ಮುಖ ತಿರುಗಿಸಿದಳು.

"ಅವನಿಗೂ ಇದೆ," ಎಂದು ಮಾಯ್ರಾ ಬ್ರೆಡ್ಡಿನಂಗಡಿಯವಳ ಮಗನನ್ನು ತೋರಿಸಿದಳು.

"ಹೌದಾ? ಅವ್ರಮ್ಮ ಯಾರ್ಗೂ ಹೇಳ್ದೆ ಹೆಂಗ್ ಮುಚ್ಚಿಟ್ಳು?"

"ನೀನು ನನ್ನ ಮುಚ್ಚಿಟ್ಯಲ್ಲ, ಹಂಗೇ."

ಎರಡು ತಿಂಗಳ ಮೇಲೆ ಮಾಯ್ರಾ ತರಗತಿಯಲ್ಲಿ ನಿಜವಾಗಿಯೇ ಬಿದ್ದಳು. ಹೆರ್ಲಿಂದಾ ಓಡಿ ಬರುವಷ್ಟರಲ್ಲಿ ಹುಡುಗಿ ಎಚ್ಚರವಾಗಿ, ಗೆಳತಿಯ ಸ್ವೆಟರಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಎರಡೇ ನಿಮಿಷ ಎಂದರು ಮಕ್ಕಳು. ಅಜ್ಜಿ ನಂಬಲಿಲ್ಲ. ನಾಲ್ವರನ್ನು ಒಬ್ಬೊಬ್ಬರಾಗಿ ಹೊರಗೆ ಕರೆದು ಕೇಳಿದಳು: ಎಷ್ಟು ಹೊತ್ತು? ಯಾವ ಮಗ್ಗುಲಿಗೆ ಮಲಗಿಸಿದಿರಿ? ಬಾಯಿಗೆ ಏನಾದರೂ ಹಾಕಿದಿರಾ? ನಾಲ್ವರ ಉತ್ತರವೂ ಒಂದೇ. ಆಗ ಅವಳು ಶಾಲೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು.

ಮಾರನೆಯ ವಾರದಿಂದ ಮಾಯ್ರಾ ಶಾಲೆಗೆ ಒಬ್ಬಳೇ ಹೋಗತೊಡಗಿದಳು. ಅಜ್ಜಿ ಹಿಂದೆ ಬರುವುದನ್ನು ಪೂರ್ತಿ ಬಿಟ್ಟಳೆಂದಲ್ಲ. ಬೀದಿಯ ತಿರುವಿನವರೆಗೆ ಮಾತ್ರ.