ತೊಲೆ ತಪ್ಪಿದ ಗೆರೆ

ಹಲಗೆ ಕಿರ್ ಎಂದರೆ ಸಾಕು, ಈಗಲೂ ನನ್ನ ಕಾಲು ತಾನಾಗಿ ಹಿಂದಕ್ಕೆ ಬರುತ್ತದೆ. ಕಚೇರಿಯ ಮಹಡಿಯಲ್ಲಿ ಗುಮಾಸ್ತರೆಲ್ಲ ನಡುವೆ ಠೀವಿಯಿಂದ ಓಡಾಡಿದರೆ, ನಾನೊಬ್ಬ ಗೋಡೆ ಸವರಿಕೊಂಡು ಹೋಗುತ್ತೇನೆ. ಬಿ.ಎ. ಓದಿದವನ ನಡಿಗೆ ಇದಲ್ಲ, ನಿಜ. ಆದರೆ ಬಿ.ಎ. ಓದಿದ್ದರಿಂದಲೇ ಬಂದ ನಡಿಗೆ.

ಹೊಳೆನರಸೀಪುರದ ನಮ್ಮ ಮನೆಯ ಮಹಡಿಗೆ ಮರದ ನೆಲ. ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ಸಂದಿನಲ್ಲಿ ಕೂತಿರುತ್ತದೆ. ಕೆಳಗಿನ ನಡುಮನೆಗೆ ಧೂಳು ಉದುರದಿರಲೆಂದು ಅಡಿಯಲ್ಲಿ ತೊಲೆಯಿಂದ ತೊಲೆಗೆ ಬಿದಿರಿನ ಚಾಪೆ ಬಡಿದಿದ್ದರು. ಮಗಳಿಗೆ ಮೂರು ತಿಂಗಳಾಗಿದ್ದಾಗ, ಹಲಗೆಗೂ ಚಾಪೆಗೂ ನಡುವೆ ಏನೋ ಸತ್ತ ವಾಸನೆ ಶುರುವಾಯಿತು. ಪ್ಲೇಗಿನ ಕಾಲ. ಮನೆಯಲ್ಲಿ ಇಲಿ ಸತ್ತರೆ ಊರಾಚೆ ಗುಡಿಸಲು ಹಾಕಿಕೊಂಡು ಹೋಗಬೇಕು. ಎಳೆ ಕೂಸನ್ನು ಕಟ್ಟಿಕೊಂಡು ಆ ಗಾಳಿಗೆ ಹೋಗುವುದೆಂತು? ಸತ್ತದ್ದು ಇಲಿಯೋ ಅಲ್ಲವೋ ಮೊದಲು ತಿಳಿಯಬೇಕಿತ್ತು.

ಬಡಗಿ ಚನ್ನಾಚಾರಿ ಬಂದು ನೆಲ ನೋಡಿದ. “ಗಂಡ ಎಂಡ್ರಂಗೆ ಕಚ್ಕಂಡವೆ ಸಾ. ಒಂದನ್ನ ಎಳದ್ರೆ ಎಲ್ಡೂ ಸೀಳ್ತವೆ. ತುದಿ ತೊಲೆ ಮ್ಯಾಲೇ ಕೂತಿರಂಗೆ ಕುಯ್ದು ಬುಡುಸ್ಬೇಕು.”

ತೊಲೆ ಎಲ್ಲಿದೆಯೆಂದು ಮೊಳೆಯ ತಲೆ ಹೇಳುತ್ತದೆ. ನಮ್ಮಮ್ಮನೋ, ಮರದ ನೆಲವೆಂದು ಕನಿಕರ ತೋರಿಸದೆ ಹಬ್ಬಹಬ್ಬಕ್ಕೂ ಸಗಣಿ ಸಾರಿಸಿ, ಒಂದು ಮೊಳೆಯೂ ಕಾಣದಂತೆ ಮಾಡಿದ್ದಳು.

“ಸುತ್ತಿಗೇಲಿ ತಟ್ಟುದ್ರೆ ಸದ್ದೇ ಯೋಳ್ತದೆ, ತಡೀರಿ.”

“ತಟ್ಟಬೇಡ ಮಾರಾಯ, ಕೆಳಗೆ ಮಗು ಈಗತಾನೆ ಮಲಗಿದೆ. ನಾನು ಅಳೆದು ಹೇಳ್ತೀನಿ.”

ಕೆಳಗೆ ಹೋಗಿ ಗೋಡೆಯಿಂದ ತೊಲೆಗೆ ಅಳೆದೆ. ಪಕ್ಕದಲ್ಲೇ ತೊಟ್ಟಿಲು ತೂಗುತ್ತಿತ್ತು. ಮೇಲೆ ಬಂದು, ಗೋಡೆಯಿಂದ ಅಷ್ಟೇ ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

“ಓದ್ದೋರು ಯೋಳುದ್ಮ್ಯಾಕೆ ಮುಗೀತಲ್ಲ,” ಎಂದು ಅವನು ಗರಗಸ ಹಿಡಿದ. ಆ ಮಾತಿನಲ್ಲಿ ಅನುಮಾನವಿತ್ತೆಂದು ಈಗ ಕೇಳಿಸುತ್ತದೆ.

ಮಣ್ಣಿನ ಗೋಡೆ ಕೆಳಗೆ ದಪ್ಪ, ಮಹಡಿಯಲ್ಲಿ ತೆಳು; ಅಲ್ಲಿ ಅದರ ಒಳಮೈ ಹಿಂದಕ್ಕೆ ಸರಿದಿರುತ್ತದೆ. ಇದು ಊರಿನ ದನ ಕಾಯುವವನಿಗೂ ಗೊತ್ತು. ಆದರೆ ರೇಖಾಗಣಿತದ ಗೆರೆಗೆ ದಪ್ಪವಿಲ್ಲವಲ್ಲ! ನನ್ನ ಗೆರೆ ತೊಲೆಯಿಂದ ಒಂದು ಗೇಣು ಈಚೆಗೆ, ಬರೀ ಗಾಳಿಯ ಮೇಲೆ ಬಿದ್ದಿತ್ತು.

ಗರಗಸ ಕೊನೆಯ ಎಳೆ ಕುಯ್ದದ್ದೇ ತಡ, ಹಲಗೆಯ ತುದಿ ಚನ್ನಾಚಾರಿಯ ಮಂಡಿಯ ಅಡಿಯಲ್ಲಿ ಕುಸಿಯಿತು. ಅವನು ಪಕ್ಕದ ಹಲಗೆಯ ಮೇಲೆ ಅಂಗಾತ ಬಿದ್ದು ಉಳಿದುಕೊಂಡ. ಉಳಿದುಕೊಳ್ಳದೆ ಜಾರಿದ್ದು ಅವನ ಅಗಲದ ಉಳಿ. ಚಾಪೆ ಹರಿದುಕೊಂಡು ಕೆಳಗೆ ಹೋಯಿತು.

ಕಂಡಿಯಿಂದ ಬಗ್ಗಿ ನೋಡಿದೆ. ಉಳಿ ತೊಟ್ಟಿಲ ಬಟ್ಟೆಯಲ್ಲಿ ನೆಟ್ಟಗೆ ನಿಂತಿತ್ತು. ತೊಟ್ಟಿಲು ತೂಗಾಡುತ್ತಿತ್ತು. ಒಳಗೆ ಮಗು ಇದೆಯೋ ಇಲ್ಲವೋ ಬಟ್ಟೆಯ ಮಡಿಕೆಯಲ್ಲಿ ತಿಳಿಯಲಿಲ್ಲ. ನಾನು ಏಣಿ ಇಳಿದದ್ದು ನೆನಪಿಲ್ಲ. ಆ ತೂಗಾಟ ಮಾತ್ರ ಇವತ್ತಿಗೂ ನಿಂತಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಲೆ ಊದುತ್ತಿದ್ದಳು. “ಏನ್ರೀ ಅದು ಸದ್ದು? ನಿಮ್ಮ ಗರಗಸದ ಕರಕರಕ್ಕೆ ಎದ್ದು ಒಂದೇ ಸಮನೆ ಅತ್ತಳು. ಎತ್ಕೊಂಡು ಬಂದೆ. ಮಲಗಿಸೋಕೆ ನನಗೆಷ್ಟು ಹೊತ್ತು ಹಿಡೀತು ಗೊತ್ತಾ?”

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ.

ಸತ್ತದ್ದು ಬಾವಲಿ. ಗುಡಿಸಲ ಮಾತು ಅಲ್ಲಿಗೇ ನಿಂತಿತು. ಚನ್ನಾಚಾರಿ ಸುತ್ತಿಗೆಯಿಂದ ಎರಡು ಸಲ ತಟ್ಟಿ ತೊಲೆ ಹುಡುಕಿ, ಹಲಗೆಯ ಅಡಿಗೆ ಮರದ ಪಟ್ಟಿ ಕೊಟ್ಟು ಮತ್ತೆ ಕೂರಿಸಿದ.

ಅಲ್ಲಿಯವರೆಗೆ ಮಗು ಅತ್ತರೆ ಪುಸ್ತಕ ಮುಚ್ಚಿ ಮುಖ ಸಿಂಡರಿಸುತ್ತಿದ್ದವನು ನಾನು. ಈಗ ಅವಳು ಬಹಳ ಹೊತ್ತು ಸುಮ್ಮನೆ ಮಲಗಿದರೆ ತಡೆಯಲಾರೆ. ಮೆಲ್ಲಗೆ ಹೋಗಿ ಪಾದಕ್ಕೆ ಕಚಗುಳಿಯಿಡುತ್ತೇನೆ. ಅವಳು ಚಿಟಾರನೆ ಕಿರುಚಿ ಅಳುತ್ತಾಳೆ. ಒಳಗಿನಿಂದ ಹೆಂಡತಿ, “ಮಲಗಿದ ಮಗೂನ ಎಬ್ಬಿಸ್ತೀರಲ್ಲ, ನಿಮಗೇನಾಗಿದೆ!” ಎಂದು ಬೈಯುತ್ತಾಳೆ. ಎರಡು ದನಿಯನ್ನೂ ಕೇಳಿಕೊಂಡು, ನಾನು ಹೋಗಿ ನೆಮ್ಮದಿಯಾಗಿ ಓದಲು ಕೂರುತ್ತೇನೆ.