ಟೆಸ್ಟ್ ಮ್ಯಾಚಿನ ಸೂತಕಕ್ಕೆ ಬಂದ ಊಟ

ಗೆಳೆಯರೆ, ಇಂದು ಮಧ್ಯಾಹ್ನ ಭಾಲ್ಕಿಯ ನಮ್ಮ ಮನೆಯಲ್ಲಿ ಟೆಸ್ಟ್ ಕ್ರಿಕೆಟ್ ತೀರಿಕೊಂಡಿತು.

ನಮ್ಮವರು ಒಬ್ಬರ ಹಿಂದೊಬ್ಬರು ಸಿಕ್ಸರ್ ಎತ್ತಲು ಹೋಗಿ ಕ್ಯಾಚ್ ಕೊಟ್ಟು, ಮೂರನೇ ದಿನ ಊಟದ ಹೊತ್ತಿಗೇ ಸೋತರು. ಕಾಕಾ ಟಿವಿ ಆರಿಸಿ ಗೋಡೆಗೆ ಮುಖ ಮಾಡಿ ಮಲಗಿದರು.

"ಸಕ್ರಿ ಬ್ಯಾನಿ ಗುಳಿಗಿ ನುಂಗ್ಯಾರ, ಹೊಟ್ಟ್ಯಾಗ ಏನೂ ಇಲ್ಲ. ನೀನರ ಹೇಳೋ" ಎಂದು ಕಾಕಿ ಕಣ್ಣು ಒರೆಸಿಕೊಂಡರು.

ಹೇಳಿದೆ. "ಬಾಲ್ ಬಿಡ್ಲಾಕ ಬರದವ್ರ ಸಲುವಾಗಿ ಐದು ದಿನ ಅಂಗಡಿ ಬಂದ್ ಇಟ್ಟೀನಿ. ನನಗ ಊಟ ಬ್ಯಾಡ" ಎಂದರು ಕಾಕಾ.

ನಾನು ಗಂಭೀರವಾಗಿ ಅಂಗಳದಲ್ಲಿ ಜಮಖಾನೆ ಹಾಸಿ, ತಲೆಯ ಮೇಲೆ ಟವೆಲ್ ಹೊದ್ದು ಕುಳಿತೆ. ಪಕ್ಕದ ಮನೆಯ ಚಾಂದಬಿ ಖಾಲಾ ನೋಡಿದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಸ್ವಲ್ಪ ಹೊತ್ತಿಗೆ ರೊಟ್ಟಿ, ಬ್ಯಾಳಿ ಹಿಡಿದು ಬಂದರು.

"ಯಾರು ಹೋದ್ರೋ ಬಾಬಾ?"

"ಟೆಸ್ಟ್ ಮ್ಯಾಚ್, ಖಾಲಾ. ಕಾಕಾ ಉಪವಾಸ ಅದಾರ."

ಖಾಲಾ ಒಮ್ಮೆ ನನ್ನನ್ನೂ ಒಮ್ಮೆ ತಮ್ಮ ಚಪ್ಪಲಿಯನ್ನೂ ನೋಡಿದರು. ಆಮೇಲೆ ನೆಟ್ಟಗೆ ಒಳಗೆ ಹೋದರು.

"ಭಾಯಿ, ಸೂತಕದ ಮನಿಗಿ ತಂದ ಊಟ ತಿರುಗಿ ಒಯ್ಯಬಾರದ್ರಿ. ಏಳ್ರಿ, ಉಣ್ರಿ."

ಕಾಕಾ ಎದ್ದು ಕೂತು ರೊಟ್ಟಿ ಮುರಿದರು.

"ನಾಳಿನೂ ನಾಡ್ದೂ ಕಳಸ್ತೇನಿ. ಮೂರು ದಿನ ಕೊಡೋದು ಪದ್ಧತಿ ಅದ" ಎಂದರು ಖಾಲಾ.

ಕಾಕಾ ತುತ್ತು ನುಂಗಿ ಕೇಳಿದರು: "ಪೂರಾ ಮೂರು ದಿನ?"

ಹೌದು ಗೆಳೆಯರೆ, ಪಂದ್ಯಕ್ಕಿಂತ ಸೂತಕವೇ ಹೆಚ್ಚು ಹೊತ್ತು ಕ್ರೀಸಿನಲ್ಲಿ ನಿಲ್ಲುವ ಕಾಲ ಬಂದಿದೆ.